ಆಯುಧ ಪೂಜೆಗೆ ಕತ್ತಿ-ಚಾಕು ಫಳಫಳ: ಗ್ರೈಂಡರ್‌ಗೆ ಕೊಡೋ ಮುಂಚೆ ಇದನ್ನೊಮ್ಮೆ ಓದಿ

ಸಾಗರ: ಮಳೆ ಬಿಡುವು ಕೊಡ್ತಿದೆ. ಇನ್ನೇನು ನವರಾತ್ರಿ, ಅದರ ಬೆನ್ನಿಗೇ ಅಡಿಕೆ ಕೊಯ್ಲು. ಕೊಟ್ಟಿಗೆ ಮೂಲೆಯಿಂದ, ಅಟ್ಟದಿಂದ ಕತ್ತಿ, ಮೆಟ್ಟುಗತ್ತಿ, ಈಳಿಗೆ ಮಣೆ ಎಲ್ಲಾ ಹೊರಗೆ ಬರೋ ಸಮಯ. ನಾಲ್ಕು ತಿಂಗಳ ಥಂಡಿಗೆ ಒಂದೊಂದರ ಮೇಲೂ ಕೆಂಪು ತುಕ್ಕು ಕೂತಿರುತ್ತೆ. ಅಡುಗೆಮನೆ ಚಾಕುವಿನ ಕಥೆಯೂ ಬೇರೆ ಅಲ್ಲ, ಸ್ಟೀಲ್ ಅಂತ ತಂದಿದ್ದೂ ಹಿಡಿ ಹತ್ತಿರ ಚುಕ್ಕೆ ಚುಕ್ಕೆ ಕಂದಿರುತ್ತೆ.

ಈಗ ಹೆಚ್ಚಿನವರು ಮಾಡೋದು ಒಂದೇ. ಎಲ್ಲವನ್ನೂ ಗೋಣಿಚೀಲದಲ್ಲಿ ಸುತ್ತಿಕೊಂಡು ಹೋಗಿ ಎಲೆಕ್ಟ್ರಿಕ್ ಗ್ರೈಂಡರ್ ಇರೋ ಕಡೆ ಕೊಡೋದು. ಕಿಡಿ ಹಾರುತ್ತೆ, ಐದು ನಿಮಿಷದಲ್ಲಿ ಕತ್ತಿ ಬೆಳ್ಳಗಾಗುತ್ತೆ, ದುಡ್ಡು ಕೊಟ್ಟು ಬರೋದು. ಆಮೇಲೆ ತೋಟಕ್ಕೆ ಹೋಗಿ ನಾಲ್ಕು ಏಟು ಹಾಕಿದ್ರೆ ಬಾಯಿ ಮಡಚಿಕೊಂಡಿರುತ್ತೆ. ಬೈಗುಳ ಕಮ್ಮಾರರಿಗೆ.

ತಪ್ಪು ಬಹಳ ಸಲ ಕಮ್ಮಾರರದ್ದಲ್ಲ, ಬಿಸಿಯದ್ದು. ಕುಲುಮೆಯಲ್ಲಿ ಕತ್ತಿಗೆ ಹದ ಹಾಕುವಾಗ ಕೆಂಪಗೆ ಕಾಸಿ, ಅದ್ದಿ, ಮತ್ತೆ ಸ್ವಲ್ಪವೇ ಕಾಸಿ ಗಟ್ಟಿತನ ಮತ್ತು ತಾಳಿಕೆ ಎರಡನ್ನೂ ಒಂದು ಅಳತೆಗೆ ತಂದಿರ್ತಾರೆ. ಅದೇ ಬಾಯಿಯನ್ನ ಒಣ ಚಕ್ರಕ್ಕೆ ಒತ್ತಿ ಹಿಡಿದ್ರೆ ಬಿಸಿ ಮತ್ತೆ ಏರುತ್ತೆ. ಉಕ್ಕು ಸುಮಾರು 220-230 ಡಿಗ್ರಿಗೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತೆ, 300 ಡಿಗ್ರಿ ಹತ್ತಿರ ನೀಲಿ ಆಗುತ್ತೆ. ಬಾಯಿ ಅಂಚಿನಲ್ಲಿ ನೀಲಿ ಗೆರೆ ಕಂಡ್ರೆ ಅಷ್ಟು ಭಾಗದ ಹದ ಹೋಯ್ತು ಅಂತಲೇ ತಿಳ್ಕೊಳ್ಳಿ. ಅದನ್ನ ಎಷ್ಟು ಮಸೆದರೂ ಹರಿತ ನಿಲ್ಲಲ್ಲ, ಆ ನೀಲಿ ಭಾಗ ಸವೆದು ಹೋಗೋವರೆಗೂ. ಕೈಪಳಗಿದ ಸಾಣೆಯವರು ಚಕ್ರಕ್ಕೆ ಹಗುರವಾಗಿ ತಾಗಿಸ್ತಾರೆ, ಪಕ್ಕದಲ್ಲಿ ನೀರಿಟ್ಟುಕೊಂಡು ಅದ್ದಿ ಅದ್ದಿ ಹಿಡೀತಾರೆ. ಅಂಥವರು ನಿಮ್ಮೂರಿನಲ್ಲಿ ಇದ್ರೆ ಅವರನ್ನ ಬಿಡಬೇಡಿ. ನೀರಿನ ಡಬ್ಬ ಇಲ್ಲದ ಗ್ರೈಂಡರ್ ಕಂಡ್ರೆ ಮಾತ್ರ ಚಾಕು ಚೀಲದಿಂದ ತೆಗೀಬೇಡಿ.

ಇನ್ನೊಂದು ನಷ್ಟ ಕಣ್ಣಿಗೆ ಬೀಳಲ್ಲ. ಬರೀ ಹೊಳಪಿಗೋಸ್ಕರ ಪ್ರತಿ ವರ್ಷ ಗ್ರೈಂಡರ್ ಹಿಡಿಸಿದ್ರೆ ಉಕ್ಕು ಪುಡಿಯಾಗಿ ನೆಲಕ್ಕೆ ಬೀಳ್ತಾ ಹೋಗುತ್ತೆ. ಅಜ್ಜನ ಕಾಲದ ಕತ್ತಿ ಮೊಮ್ಮಗನ ಕೈಗೆ ಬರೋ ಹೊತ್ತಿಗೆ ಮೀನಿನ ಮುಳ್ಳಿನ ಹಾಗೆ ಆಗಿರುತ್ತೆ. ಕೈಯಲ್ಲಿ ಉಜ್ಜಿ ಪಾಲಿಶ್ ಮಾಡಿದ್ರೆ ಹೋಗೋ ಉಕ್ಕು ತೀರಾ ಕಮ್ಮಿ, ಬಿಸಿಯ ಮಾತೇ ಇಲ್ಲ. ಬೇಕಾಗಿರೋದು ಕೆಲವು ಹಾಳೆ ಉಜ್ಜೋ ಕಾಗದ, ಒಂದು ಹಲಗೆ, ಮತ್ತೆ ಒಂದು ಮಧ್ಯಾಹ್ನ.

ಮೂರು ಕೆಲಸ ಬೇರೆ ಬೇರೆ

ತುಕ್ಕು ತೆಗೆಯೋದು, ಪಾಲಿಶ್ ಮಾಡೋದು, ಮಸೆಯೋದು. ಇವು ಮೂರನ್ನೂ ನಾವು ಒಂದೇ ಮಾತಿನಲ್ಲಿ "ಸಾಣೆ ಹಿಡಿಸೋದು" ಅಂದುಬಿಡ್ತೀವಿ, ಗೊಂದಲ ಶುರುವಾಗೋದೇ ಅಲ್ಲಿ. ಪಾಲಿಶ್ ಅನ್ನೋದು ಕತ್ತಿಯ ಎರಡು ಪಕ್ಕೆಗೆ ಮಾಡೋದು. ಮಸೆಯೋದು ಬಾಯಿಗೆ. ಪಾಲಿಶ್ ಮಾಡಿದ ಮಾತ್ರಕ್ಕೆ ಕತ್ತಿ ಹರಿತ ಆಗಲ್ಲ, ಬದಲಿಗೆ ಉಜ್ಜುವಾಗ ಬಾಯಿ ಸ್ವಲ್ಪ ಮೊಂಡೇ ಆಗುತ್ತೆ. ಹಾಗಾಗಿ ಮೊದಲು ಪಾಲಿಶ್, ಕೊನೆಗೆ ಮಸೆಗಲ್ಲು. ಉಲ್ಟಾ ಮಾಡಿದ್ರೆ ಎರಡೆರಡು ಸಲ ಮಸೀಬೇಕು, ಜೊತೆಗೆ ಹರಿತ ಬಾಯಿ ಪಕ್ಕದಲ್ಲೇ ಬೆರಳು ಓಡಾಡೋ ಅಪಾಯ ಬೇರೆ.

ಹೊಳಪಿನಿಂದ ಏನು ಲಾಭ, ಬರೀ ಚೆಂದಕ್ಕಾ ಅಂತ ಕೇಳಬಹುದು. ಚೆಂದವೂ ಹೌದು. ಆದ್ರೆ ತುಕ್ಕಿಗೂ ಇದಕ್ಕೂ ನೇರ ಸಂಬಂಧ ಇದೆ. ಒರಟು ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ಸಾವಿರಾರು ಗೀರು, ಗುಂಡಿ ಇರುತ್ತೆ. ಒರೆಸಿದ ಮೇಲೂ ಅದರೊಳಗೆ ನೀರು, ಉಪ್ಪು, ಹಣ್ಣಿನ ಹುಳಿ ಉಳಿಯುತ್ತೆ, ತುಕ್ಕು ಹುಟ್ಟೋದು ಅಲ್ಲೇ. ಮೈ ನುಣುಪಾದಷ್ಟೂ ನೀರಿಗೆ ಅಡಗೋ ಜಾಗ ಕಮ್ಮಿ. ನಮ್ಮ ಮಲೆನಾಡಿನ ಜೂನ್-ಜುಲೈನಲ್ಲಿ ಇದರ ಬೆಲೆ ಗೊತ್ತಾಗುತ್ತೆ. ತೊಳೆಯೋದೂ ಸುಲಭ, ಒಂದು ಸಲ ಬಟ್ಟೆ ಎಳೆದ್ರೆ ಮುಗೀತು.

ಕೋಳಿ, ಮೀನು, ಹಣ್ಣು, ಬೇಕರಿ ಅಂಗಡಿಯವರು ಒಂದು ವಿಷಯ ನೆನಪಿಡಿ. ಆಹಾರ ಸುರಕ್ಷತೆಯ ಲೈಸೆನ್ಸ್-ನೋಂದಣಿ ನಿಯಮಾವಳಿ 2011ರ 4ನೇ ಅನುಸೂಚಿಯಲ್ಲಿ, ಆಹಾರಕ್ಕೆ ತಾಗೋ ಸಲಕರಣೆ ತುಕ್ಕು ಹಿಡಿಯದಂಥದ್ದಾಗಿರಬೇಕು, ಸುಲಭವಾಗಿ ಸ್ವಚ್ಛ ಮಾಡೋ ಹಾಗಿರಬೇಕು ಅಂತ ಇದೆ. ತುಕ್ಕು ಹಿಡಿದ ಚಾಕು ಕೌಂಟರ್ ಮೇಲಿದ್ರೆ ತಪಾಸಣೆಗೆ ಬಂದವರಿಗೆ ಬೇರೆ ಏನೂ ಹುಡುಕೋ ಕೆಲಸ ಇರಲ್ಲ. ಅವರಿಗಿಂತ ಮುಂಚೆ ಗಿರಾಕಿ ನೋಡ್ತಾನೆ.

ಏನೇನು ಬೇಕು

ಮುಖ್ಯವಾದದ್ದು ಉಜ್ಜೋ ಕಾಗದ. ಅಂಗಡಿಯಲ್ಲಿ ಎಮರಿ ಪೇಪರ್ ಅಂದ್ರೂ ಕೊಡ್ತಾರೆ, ವಾಟರ್ ಪೇಪರ್ ಅಂದ್ರೂ ಕೊಡ್ತಾರೆ. ನೀವು ಕೇಳಬೇಕಾದದ್ದು ವಾಟರ್ ಪೇಪರ್, ನೀರಲ್ಲಿ ನೆನೆದ್ರೂ ಹರಿಯದ ಕಪ್ಪು ಹಾಳೆ. ಅದರ ಮೇಲಿರೋದು ಸಿಲಿಕಾನ್ ಕಾರ್ಬೈಡ್ ಪುಡಿ, ಹದ ಹಾಕಿದ ಉಕ್ಕಿಗಿಂತಲೂ ಗಟ್ಟಿ. ಬಡಗಿಗಳು ಮರಕ್ಕೆ ಹಿಡಿಯೋ ಹಳದಿ ಕಾಗದ ಇಲ್ಲಿ ಉಪಯೋಗಕ್ಕೆ ಬರಲ್ಲ.

ಹಾಳೆಯ ಹಿಂದೆ ನಂಬರ್ ಇರುತ್ತೆ. ನಂಬರ್ ದೊಡ್ಡದಾದಷ್ಟೂ ಕಣ ಸಣ್ಣದು. ಪಿ ಅಕ್ಷರದ ಜೊತೆ ಬರೋ ಅಳತೆಯಲ್ಲಿ 120ರ ಕಣ ಸುಮಾರು 125 ಮೈಕ್ರಾನ್, 400ರದ್ದು 35, 1000ದ್ದು 18, 2000ದ್ದು 10. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ಅಂದ್ರೆ 2000 ನಂಬರಿನ ಕಾಗದ ಬಿಡೋ ಗೀರು ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಸಣ್ಣದು. ಗೀರು ಅಷ್ಟು ಸಣ್ಣದಾದಾಗ ಕಣ್ಣಿಗೆ ಅದು ಗೀರಾಗಿ ಕಾಣಲ್ಲ, ಹೊಳಪಾಗಿ ಕಾಣುತ್ತೆ. ಪಾಲಿಶ್ ಅಂದ್ರೆ ಇಷ್ಟೇ. ದೊಡ್ಡ ಗೀರನ್ನ ಸಣ್ಣ ಗೀರಿನಿಂದ ಅಳಿಸ್ತಾ ಹೋಗೋದು.

ಮನೆ ಕೆಲಸಕ್ಕೆ 220, 400, 600 ಒಂದೊಂದು ಹಾಳೆ ಸಾಕು. ಕನ್ನಡಿ ಥರ ಬೇಕು ಅನ್ನೋ ಹುಮ್ಮಸ್ಸಿದ್ರೆ 800, 1000, 1500, 2000 ಕೂಡ ಬೇಕು. ತಾಲೂಕಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ದಪ್ಪ ನಂಬರಿನದ್ದೇ ಸಿಗೋದು. ಸಣ್ಣದಕ್ಕೆ ಗಾಡಿ ಪೇಂಟ್ ಮಾರೋ ಅಂಗಡಿಗೆ ಹೋಗಿ, ಕಾರು-ಬೈಕಿನ ಪೇಂಟ್ ಕೆಲಸಕ್ಕೆ ಅದೇ ಬೇಕಾಗಿರೋದ್ರಿಂದ ಅಲ್ಲಿ ಇಟ್ಟಿರ್ತಾರೆ. (ಹಾರ್ಡ್‌ವೇರ್ ಅಂಗಡಿಯವರೇ, ನಾಲ್ಕು ನಂಬರಿನ ಅರ್ಧರ್ಧ ಹಾಳೆ ಸುತ್ತಿ "ಕತ್ತಿ ಪಾಲಿಶ್ ಸೆಟ್" ಅಂತ ನವರಾತ್ರಿ ವಾರ ಮುಂದೆ ನೇತು ಹಾಕಿ ನೋಡಿ.)

ಇಲ್ಲಿ ಒಂದು ಹಳೇ ಮಾತು. ಮುಂಚೆ ಸಾಣೆ ಚಕ್ರವನ್ನ ಕುರಂದದ ಕಲ್ಲಿನ ಪುಡಿಯನ್ನ ಅರಗಿನಲ್ಲಿ ಕಲಸಿ ಮಾಡ್ತಿದ್ರು. ಇಂಗ್ಲಿಷಿನವರು ಕೊರಂಡಮ್ ಅನ್ನೋದು ನಮ್ಮ ದಕ್ಷಿಣದ ಇದೇ ಮಾತನ್ನ. ಎಮರಿ ಅಂದ್ರೂ ಅದೇ ಕುರಂದಕ್ಕೆ ಕಬ್ಬಿಣದ ಅದಿರು ಬೆರೆತ ಕಲ್ಲು. ಹಳೇ ಮನೆಗಳಲ್ಲಿ ಇಟ್ಟಿಗೆ ಪುಡಿ, ಬೂದಿ ಹಾಕಿ ಈಳಿಗೆ ಉಜ್ಜುತ್ತಿದ್ದದ್ದೂ ಇದೇ ಲೆಕ್ಕದಲ್ಲೇ: ಇಟ್ಟಿಗೆ ಪುಡಿ ದಪ್ಪ ಕಾಗದದ ಹಾಗೆ, ಜರಡಿ ಹಿಡಿದ ಬೂದಿ ಸಣ್ಣ ಕಾಗದದ ಹಾಗೆ. ಈಗಲೂ ನಡೆಯುತ್ತೆ. ಆದ್ರೆ ಇಟ್ಟಿಗೆ ಪುಡಿಯಲ್ಲಿ ಒಂದು ದಪ್ಪ ಮರಳು ಕಣ ಇದ್ರೂ ಉದ್ದ ಗೀರು ಬೀಳುತ್ತೆ.

ಕಾಗದ ಬಿಟ್ರೆ ಬೆಂಕಿಪೊಟ್ಟಣದ ಅಳತೆಯ ಚಪ್ಪಟೆ ಮರದ ತುಂಡು, ಕತ್ತಿಗಿಂತ ಉದ್ದದ ಹಲಗೆ, ಕರೆಂಟಿನವರ ಇನ್ಸುಲೇಷನ್ ಟೇಪ್, ಪಾತ್ರೆ ತೊಳೆಯೋ ಸೋಪು ಹಾಕಿದ ನೀರು, ಹಳೇ ಕಾಟನ್ ಬಟ್ಟೆ, ತೆಂಗಿನೆಣ್ಣೆ.

ಮೊದಲು ತುಕ್ಕು

ಕೆಂಪಗೆ ಪುಡಿ ಪುಡಿ ತುಕ್ಕಿದ್ರೆ ಹುಣಸೆಹಣ್ಣು ಹಚ್ಚಿ ಅರ್ಧ ಗಂಟೆ ಬಿಟ್ಟು ಉಜ್ಜಿ. ಹುಳಿ ತುಕ್ಕನ್ನ ಕರಗಿಸುತ್ತೆ, ಆದ್ರೆ ಅಲ್ಲಿಗೇ ನಿಲ್ಲಲ್ಲ, ಒಳ್ಳೇ ಕಬ್ಬಿಣವನ್ನೂ ತಿನ್ನುತ್ತೆ. ರಾತ್ರಿಯಿಡೀ ನೆನೆಹಾಕೋ ಕೆಲಸ ಬೇಡ. ಚೆನ್ನಾಗಿ ತೊಳೆದು ಒಂದು ಚಮಚ ಅಡುಗೆ ಸೋಡಾ ಹಾಕಿದ ನೀರಲ್ಲಿ ಅದ್ದಿದ್ರೆ ಉಳಿದ ಹುಳಿ ಸಾಯುತ್ತೆ. ಕೂಡಲೇ ಒರೆಸಿ, ಇಲ್ಲ ಅಂದ್ರೆ ನೋಡ್ತಾ ನೋಡ್ತಾ ಮತ್ತೆ ಕೆಂಪಾಗುತ್ತೆ.

ಕಪ್ಪು ಬಣ್ಣ ಇದ್ರೆ ಅದು ತುಕ್ಕಲ್ಲ, ಗಾಬರಿ ಬೇಡ. ಅಡಿಕೆ, ಬಾಳೆಕಾಯಿ, ಮಾವಿನಕಾಯಿ ಇವುಗಳ ಒಗರು ಕಬ್ಬಿಣದ ಜೊತೆ ಸೇರಿ ಕಪ್ಪಾಗೋದು. ಕೆಂಪು ತುಕ್ಕು ಕಬ್ಬಿಣವನ್ನ ತಿನ್ನುತ್ತೆ, ಈ ಕಪ್ಪು ಒಂಥರಾ ಹೊದಿಕೆ. ಅಡಿಕೆ ಸುಲಿಯೋ ಮೆಟ್ಟುಗತ್ತಿ ಕಪ್ಪಗಿದ್ರೆ ಹಾಗೇ ಇರಲಿ ಅನ್ನೋದೇ ನನ್ನ ಅಭಿಪ್ರಾಯ. ಹಾಗೆಯೇ ಕುಲುಮೆಯಿಂದ ಬಂದ ಕತ್ತಿಯ ಬೆನ್ನಿನ ಕಡೆ ಬೆಂಕಿಯ ಕಪ್ಪು ಸಿಪ್ಪೆ ಗಟ್ಟಿಯಾಗಿ ಕೂತಿರುತ್ತೆ. ಅದೂ ತುಕ್ಕಿಗೆ ತಡೆಯೇ. ಬಾಯಿ ಕಡೆಯ ಎರಡು-ಮೂರು ಬೆರಳಗಲ ಹೊಳಪು ಮಾಡಿ, ಬೆನ್ನು ಕಪ್ಪಗೇ ಬಿಟ್ರೆ ಕತ್ತಿಗೂ ಒಳ್ಳೇದು, ನಿಮ್ಮ ರಟ್ಟೆಗೂ ಒಳ್ಳೇದು.

ಉಜ್ಜೋ ಕ್ರಮ

ಬಾಯಿಗೆ ಉದ್ದಕ್ಕೂ ಟೇಪ್ ಸುತ್ತಿ. ಚಾಕುವನ್ನ ಹಲಗೆ ಮೇಲೆ ಚಪ್ಪಟೆಯಾಗಿ ಮಲಗಿಸಿ, ಹಿಡಿ ಮಾತ್ರ ಹಲಗೆಯಿಂದ ಹೊರಗೆ ಬರಲಿ. ಹಿಡಿಯನ್ನ ಹಗ್ಗದಲ್ಲೋ ಕ್ಲಾಂಪಿನಲ್ಲೋ ಹಲಗೆಗೆ ಬಿಗಿ ಮಾಡಿ, ಹಲಗೆಯನ್ನ ಜಗುಲಿ ಕಟ್ಟೆಗೆ ಬಿಗಿ ಮಾಡಿ. ತೊಡೆ ಮೇಲಿಟ್ಟುಕೊಂಡು, ಒಂದು ಕೈಯಲ್ಲಿ ಚಾಕು ಇನ್ನೊಂದರಲ್ಲಿ ಕಾಗದ ಹಿಡಿದು ಉಜ್ಜೋದು ಬೇಡವೇ ಬೇಡ. ಸೋಪು ನೀರಿಗೆ ಜಾರಿದ್ರೆ ಚಾಕು ಬರೋದು ತೊಡೆಗೇ.

ಕಾಗದವನ್ನ ಮರದ ತುಂಡಿಗೆ ಸುತ್ತಿ ಹಿಡೀರಿ. ಬರೀ ಬೆರಳಲ್ಲಿ ಒತ್ತಿದ್ರೆ ಬೆರಳಿನ ಕೆಳಗೆ ಹೆಚ್ಚು, ಸಂದಿಯಲ್ಲಿ ಕಮ್ಮಿ ಸವೆದು ಮೈ ಅಲೆ ಅಲೆ ಆಗುತ್ತೆ. ಬಿಸಿಲಿಗೆ ಹಿಡಿದಾಗ ಗೊತ್ತಾಗುತ್ತೆ, ಹೊಳೆಯುತ್ತೆ ಆದ್ರೆ ಹಳೇ ತಗಡಿನ ಹಾಗೆ ಕಾಣುತ್ತೆ.

ಯಾವ ನಂಬರಿನಿಂದ ಶುರು ಮಾಡೋದು? ಇರೋ ಗೀರಿನಲ್ಲಿ ಅತಿ ಆಳವಾದದ್ದನ್ನ ಯಾವುದು ತೆಗೆಯುತ್ತೋ ಅದರಿಂದ. ಗ್ರೈಂಡರ್ ಗುರುತು ಇದ್ರೆ 120 ಅಥವಾ 220. ಬರೀ ಮಂಕಾಗಿದ್ರೆ 400ರಿಂದಲೇ ಸಾಕು. ಬೇಕಿಲ್ಲದೆ ದಪ್ಪ ಕಾಗದ ಹಿಡಿದ್ರೆ ಹೊಸ ಗೀರು ಮಾಡಿ ಅದನ್ನ ಅಳಿಸೋಕೆ ಒಂದು ಗಂಟೆ ಕೂರಬೇಕು.

ಈಗ ಗುಟ್ಟಿನ ವಿಷಯ. 220ರಲ್ಲಿ ಅಡ್ಡಡ್ಡ ಉಜ್ಜಿ, ಬೆನ್ನಿನಿಂದ ಬಾಯಿ ಕಡೆಗೆ. ಎಲ್ಲಾ ಗೀರೂ ಒಂದೇ ದಿಕ್ಕಿಗೆ ಆದಾಗ ನಿಲ್ಲಿಸಿ. 400ಕ್ಕೆ ಬಂದಾಗ ದಿಕ್ಕು ಬದಲಿಸಿ, ಓರೆಯಾಗಿ ಉಜ್ಜಿ. ಈಗ ಹಳೇ ಅಡ್ಡ ಗೀರು ಹೊಸ ಓರೆ ಗೀರಿನ ನಡುವೆ ಎದ್ದು ಕಾಣುತ್ತೆ. ಒಂದೇ ಒಂದು ಅಡ್ಡ ಗೀರು ಉಳಿದಿದ್ರೂ ಮುಂದಿನ ನಂಬರಿಗೆ ಹೋಗಬೇಡಿ. 600ಕ್ಕೆ ಮತ್ತೆ ದಿಕ್ಕು ಬದಲು. ಎಲ್ಲವನ್ನೂ ಒಂದೇ ದಿಕ್ಕಿಗೆ ಉಜ್ಜಿದ್ರೆ ಹಳೇ ಗೀರು ಹೊಸದರ ಜೊತೆ ಬೆರೆತು ಅಡಗಿಕೊಳ್ಳುತ್ತೆ, 1500 ನಂಬರಿಗೆ ಬಂದಾಗ ಪಳಕ್ ಅಂತ ಹೊರಬರುತ್ತೆ. ಆಗ ಮತ್ತೆ 400ರಿಂದ. ಮನೆಯಲ್ಲಿ ಪಾಲಿಶ್ ಮಾಡೋಕೆ ಕೂತವರು ಅರ್ಧಕ್ಕೆ ಬೇಜಾರಾಗಿ ಬಿಡೋದು ಸಾಮಾನ್ಯವಾಗಿ ಇದೇ ಜಾಗದಲ್ಲಿ.

ಗೀರು ನೋಡೋಕೆ ಟ್ಯೂಬ್‌ಲೈಟ್ ನಂಬಬೇಡಿ. ಕಿಟಕಿ ಪಕ್ಕ ಓರೆ ಬೆಳಕಿನಲ್ಲಿ, ಇಲ್ಲವೇ ಮೊಬೈಲ್ ಟಾರ್ಚ್ ಪಕ್ಕದಿಂದ ಹಿಡಿದು ಚಾಕುವನ್ನ ಆಚೀಚೆ ತಿರುಗಿಸಿ. ಮೇಲೆ ನೀರಿದ್ರೆ ಗೀರು ಮುಚ್ಚಿಹೋಗುತ್ತೆ, ಅದಕ್ಕೆ ಒರೆಸಿಯೇ ನೋಡಬೇಕು.

ನಂಬರ್ ಬದಲಿಸುವಾಗ ಚಾಕು, ಹಲಗೆ, ಮರದ ತುಂಡು, ಕೈ ಎಲ್ಲಾ ತೊಳೀಬೇಕು, ಬಟ್ಟೆ ಬೇರೆ ತಗೋಬೇಕು. 220ರ ಒಂದು ಕಣ 1000ದ ಕಾಗದದ ಕೆಳಗೆ ಸಿಕ್ಕರೆ ಅಷ್ಟೂ ಕೆಲಸ ನೀರುಪಾಲು. ಕಾಗದ ಒಂದೇ ಜಾಗದಲ್ಲಿ ಸ್ವಲ್ಪ ಹೊತ್ತು ಉಜ್ಜಿದ್ರೆ ಕಣ ಮೊಂಡಾಗುತ್ತೆ. ಮೊಂಡು ಕಾಗದಕ್ಕೆ ಬಲ ಹಾಕಿದ್ರೆ ಕೈ ಸೋಲುತ್ತೆ ಹೊರತು ಚಾಕು ನುಣುಪಾಗಲ್ಲ. ಸರಿಸಿ ಹೊಸ ಜಾಗ ಹಿಡೀರಿ. ಕಾಗದದಲ್ಲಿ ಉಳಿತಾಯ ಮಾಡಬೇಡಿ, ಇಡೀ ಕೆಲಸದಲ್ಲಿ ಅತಿ ಅಗ್ಗದ್ದು ಅದೇ.

ಒಣಗಿಸಿ ಉಜ್ಜೋದೂ ಬೇಡ. ಪುಡಿ ಕಾಗದದಲ್ಲಿ ಕಟ್ಟಿಕೊಳ್ಳುತ್ತೆ, ಜೊತೆಗೆ ಮೂಗಿಗೂ ಹೋಗುತ್ತೆ. ಸ್ಟೀಲ್ ಚಾಕುವಿಗೆ ಸೋಪು ನೀರು, ಕಬ್ಬಿಣದ ಕತ್ತಿಗೆ ಹೊಲಿಗೆ ಮಿಷನ್ ಎಣ್ಣೆ. ನೀರೇ ಬಳಸಿದ್ರೆ ಮಧ್ಯೆ ಊಟಕ್ಕೆ ಎದ್ದು ಹೋಗೋ ಹಾಗಿಲ್ಲ, ಬರೋ ಹೊತ್ತಿಗೆ ಕೆಂಪು.

600 ಮುಗಿದ ಮೇಲೆ ಕೊನೆಯ ಎಳೆತ. ಹೊಸ ಕಾಗದ, ಸ್ವಲ್ಪ ಎಣ್ಣೆ, ಹಿಡಿಯಿಂದ ತುದಿವರೆಗೆ ಒಂದೇ ದಿಕ್ಕಿಗೆ ಉದ್ದಕ್ಕೆ ಎಳೀರಿ. ಹಿಂದೆ-ಮುಂದೆ ಅಲ್ಲ, ಎಳೆದು ಎತ್ತಿ ಮತ್ತೆ ಹಿಡಿಯಿಂದ. ನಾಲ್ಕೈದು ಎಳೆತಕ್ಕೊಮ್ಮೆ ಕಾಗದ ಸರಿಸಿ. ಹಿಂದೆ-ಮುಂದೆ ಮಾಡಿದ್ರೆ ತಿರುಗೋ ಜಾಗದಲ್ಲಿ ಮೀನುಗಾಳದ ಹಾಗೆ ಸಣ್ಣ ಕೊಕ್ಕೆ ಗುರುತು ಉಳಿಯುತ್ತೆ. ಸರಿಯಾಗಿ ಬಂದ್ರೆ ರೇಷ್ಮೆ ಬಟ್ಟೆಯ ಹಾಗೆ ಮೆತ್ತನೆ ಹೊಳಪು.

ಅಡುಗೆಮನೆ ಚಾಕುವಿಗೆ ಇಲ್ಲಿಗೇ ನಿಲ್ಲಿಸಿ ಅಂತ ನಾನು ಹೇಳ್ತೀನಿ. ಕನ್ನಡಿ ಹೊಳಪು ನೋಡೋಕೆ ಚೆಂದ, ಆದ್ರೆ ಎರಡನೇ ದಿನಕ್ಕೇ ಪಾತ್ರೆ ತಾಗಿ ಗೀರು ಬೀಳುತ್ತೆ, ಪ್ರತಿ ಗೀರೂ ಎದ್ದು ಕಾಣುತ್ತೆ. ಅಗಲ ಚಾಕುವಾದ್ರೆ ಆಲೂಗಡ್ಡೆ ಹೋಳು ಒದ್ದೆ ಗಾಜಿಗೆ ಅಂಟಿದ ಹಾಗೆ ಅಂಟಿಕೊಳ್ಳುತ್ತೆ.

ಕನ್ನಡಿಯೇ ಬೇಕು ಅಂದ್ರೆ 2000ದವರೆಗೂ ಇದೇ ಕ್ರಮ, ಆಮೇಲೆ ಹಳೇ ಬೆಲ್ಟಿನ ಚರ್ಮವನ್ನ ಮರಕ್ಕೆ ಅಂಟಿಸಿ ಅದರ ಮೇಲೆ ಹಸಿರು ಪಾಲಿಶ್ ಕಡ್ಡಿ ತೀಡಿ ಉಜ್ಜಬೇಕು. ಹಸಿರು ಅಂದ್ರೆ ಕ್ರೋಮಿಯಂ ಆಕ್ಸೈಡ್. ಅಕ್ಕಸಾಲಿಗರು ಚಿನ್ನಕ್ಕೆ ಹಚ್ಚೋ ಕೆಂಪು ಪಾಲಿಶ್ ಕಬ್ಬಿಣದ ಆಕ್ಸೈಡ್. ತಮಾಷೆ ನೋಡಿ, ನಾವು ಬೆಳಗ್ಗಿಂದ ಉಜ್ಜಿ ತೆಗೆದ ತುಕ್ಕೂ ಅದೇ ಜಾತಿಯದ್ದು. ಬ್ರಾಸೋ ಹಾಕಿದ್ರೂ ಹೊಳಪು ಬರುತ್ತೆ, ಆದ್ರೆ ಅದು ತಿನ್ನೋ ವಸ್ತು ಅಲ್ಲ. ಎರಡು ಸಲ ಸೋಪು, ಬಿಸಿನೀರಲ್ಲಿ ತೊಳೆಯದೆ ತರಕಾರಿಗೆ ಮುಟ್ಟಿಸಬೇಡಿ.

ಮೊದಲ ಸಲ ಮಾಡೋರಿಗೆ ಒಂದು ಸಾಧಾರಣ ಚಾಕು 600ರವರೆಗೆ ಬರೋಕೆ ಎರಡು-ಮೂರು ಗಂಟೆ ಹಿಡಿಯುತ್ತೆ. ಮುಂದಿನ ವರ್ಷದಿಂದ ಅರ್ಧ ಗಂಟೆ, ಯಾಕಂದ್ರೆ ಆಳದ ಗೀರು ಆಗಲೇ ಹೋಗಿರುತ್ತೆ. ತುಕ್ಕು ತಿಂದು ಗುಂಡಿ ಬಿದ್ದಿದ್ರೆ ಮಾತ್ರ ಅದನ್ನ ಪೂರ್ತಿ ತೆಗೆಯೋ ಹಠ ಬೇಡ. ಗುಂಡಿ ಹೋಗಬೇಕು ಅಂದ್ರೆ ಸುತ್ತಲಿನ ಉಕ್ಕೆಲ್ಲಾ ಗುಂಡಿಯ ಆಳದವರೆಗೆ ಸವೀಬೇಕು. ಒಳಗಿನ ಕೆಂಪು ಹೋಗಿದ್ರೆ ಸಾಕು, ಗುರುತು ಇರಲಿ.

ಸ್ಟೀಲ್ ಚಾಕುವಿಗೆ ಎರಡು ಮಾತು

ಆಯಸ್ಕಾಂತ ಹಿಡಿದ್ರೆ ಕಬ್ಬಿಣ, ಹಿಡಿಯದಿದ್ರೆ ಸ್ಟೀಲ್ ಅನ್ನೋ ಲೆಕ್ಕ ಪಾತ್ರೆ ಅಂಗಡಿಯಲ್ಲಿ ನಡೆಯಬಹುದು, ಚಾಕುವಿಗೆ ನಡೆಯಲ್ಲ. ಹರಿತ ನಿಲ್ಲೋಕೆ ಹದ ಹಾಕೋ ಸ್ಟೇನ್‌ಲೆಸ್ ಸ್ಟೀಲಿಗೆ ಆಯಸ್ಕಾಂತ ಹಿಡಿಯುತ್ತೆ.

ಇನ್ನೊಂದು, ಕಬ್ಬಿಣದ ಕತ್ತಿಗೆ ಹಿಡಿದ ಕಾಗದವನ್ನ ಸ್ಟೀಲ್ ಚಾಕುವಿಗೆ ಹಿಡೀಬೇಡಿ. ಅದರಲ್ಲಿ ಸಿಕ್ಕಿಕೊಂಡ ಕಬ್ಬಿಣದ ಪುಡಿ ಸ್ಟೀಲಿನ ಮೈಗೆ ಹೂತುಕೊಂಡು ವಾರದಲ್ಲಿ ಚುಕ್ಕೆ ಚುಕ್ಕೆ ತುಕ್ಕು ಬರುತ್ತೆ. ಕಬ್ಬಿಣದ ವೈರ್ ಬ್ರಷ್ ಹಾಕಿದ್ರೂ ಇದೇ ಕಥೆ. ಸ್ಟೀಲ್ ಅಂತ ಮೋಸ ಮಾಡಿದ್ರು ಅಂತ ಅಂಗಡಿಯವರ ಜೊತೆ ಜಗಳ ಆಡೋ ಮುಂಚೆ ಇದನ್ನ ನೋಡ್ಕೊಳ್ಳಿ.

ಈಳಿಗೆ ಮಣೆಯದ್ದು ಬೇರೆ ತೊಂದರೆ, ಬಾಯಿ ನಿಂತಿರುತ್ತೆ, ಮಲಗಿಸೋಕೆ ಬರಲ್ಲ. ಬಾಯಿಗೆ ಟೇಪ್ ಸುತ್ತಿ, ಹಿಂದಿನ ಪಕ್ಕೆಗೆ ತೆಳು ಹಲಗೆ ಆಸರೆ ಕೊಟ್ಟು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ. ಮುಂದಿನ ಪಕ್ಕೆ ಉಜ್ಜಿ, ಆಮೇಲೆ ಹಲಗೆ ಈಚೆ ಬದಲಿಸಿ. ಮನೆಯಲ್ಲಿ ಇನ್ನೊಬ್ಬರು ಮಣೆಯನ್ನ ಕಾಲಲ್ಲಿ ಮೆಟ್ಟಿ ಹಿಡಿದ್ರೆ ಕೆಲಸ ಹಗುರ.

ಎಲ್ಲಾ ಆದ ಮೇಲೆ ಟೇಪ್ ಬಿಚ್ಚಿ, ಅಂಟು ಒರೆಸಿ, ಮಸೆಗಲ್ಲಿಗೆ ಹಿಡೀರಿ. ತರಕಾರಿ ಚಾಕುವನ್ನ ಕಲ್ಲಿಗೆ ಸುಮಾರು 15ರಿಂದ 20 ಡಿಗ್ರಿ ಓರೆಯಲ್ಲಿ, ಸೊಪ್ಪು-ಸೌದೆ ಕಡಿಯೋ ಕತ್ತಿಯನ್ನ 25-30 ಡಿಗ್ರಿಯಲ್ಲಿ. ಕತ್ತಿಗೆ ತೀರಾ ತೆಳು ಬಾಯಿ ಮಾಡಿದ್ರೆ ಮೊದಲ ಗಂಟಿಗೇ ಚಕ್ಕೆ ಏಳುತ್ತೆ.

ಕೆಲಸದಲ್ಲಿ ಕೈ ಕುಯ್ದುಕೊಂಡ್ರೆ ತುಕ್ಕು ಇತ್ತಾ ಇಲ್ವಾ ಅಂತ ಲೆಕ್ಕ ಹಾಕ್ತಾ ಕೂರಬೇಡಿ. ಧನುರ್ವಾಯು ಬರೋದು ತುಕ್ಕಿನಿಂದಲ್ಲ, ಮಣ್ಣು-ಸಗಣಿಯಲ್ಲಿರೋ ಒಂದು ಬ್ಯಾಕ್ಟೀರಿಯಾದಿಂದ. ಹೊಳೆಯೋ ಕತ್ತಿಯೂ ತೋಟದ ಮಣ್ಣು ಮುಟ್ಟಿರುತ್ತೆ. ಗಾಯ ತೊಳೆದು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಇಂಜೆಕ್ಷನ್ ಬೇಕಾ ಅಂತ ಕೇಳಿ.

ಎಣ್ಣೆ, ಪೂಜೆ, ನಿಂಬೆಹಣ್ಣು

ಪಾಲಿಶ್ ಆದ ಕಬ್ಬಿಣಕ್ಕೆ ಅದೇ ದಿನ ಎಣ್ಣೆ ಕಾಣಬೇಕು. ತೆಂಗಿನೆಣ್ಣೆ ಒಳ್ಳೇದು, ಬೇಗ ಒಣಗಿ ಅಂಟಂಟು ಆಗಲ್ಲ. ಸೂರ್ಯಕಾಂತಿ ಎಣ್ಣೆ ಹಚ್ಚಿಟ್ರೆ ಕೆಲವು ವಾರದಲ್ಲಿ ಅಂಟು ಪದರ ಕಟ್ಟುತ್ತೆ. ಧಾರಾಳ ಬೇಡ, ಬಟ್ಟೆಯಲ್ಲಿ ಒರೆಸಿದ ಹಾಗೆ ತೆಳುವಾಗಿ. ಗೋಣಿಚೀಲದಲ್ಲಿ ಸುತ್ತಿಡಬೇಡಿ, ಅದು ಥಂಡಿ ಎಳ್ಕೊಳ್ಳುತ್ತೆ. ಒಲೆ ಇರೋ ಮನೆಯಾದ್ರೆ ಒಲೆಯ ಮೇಲಿನ ಅಟ್ಟವೇ ಮಳೆಗಾಲಕ್ಕೆ ಸರಿಯಾದ ಜಾಗ.

ಆಯುಧ ಪೂಜೆ ದಿನ ಕತ್ತಿಗೆ ಕುಂಕುಮ, ಒದ್ದೆ ಹೂವು ಇಟ್ಟು ಮೂರು ದಿನ ಹಾಗೇ ಬಿಡೋದು ರೂಢಿ. ಹೂವಿನ ನೀರು ಕೂತ ಜಾಗದಲ್ಲಿ ಹೂವಿನ ಆಕಾರದಲ್ಲೇ ತುಕ್ಕು ಬರುತ್ತೆ. ಎಣ್ಣೆ ಹಚ್ಚಿದ ಮೇಲೆಯೇ ಕುಂಕುಮ ಇಡಿ, ಹೂವನ್ನ ಹಿಡಿಯ ಮೇಲಿಡಿ. ನಿಂಬೆಹಣ್ಣು ಕುಯ್ದ ಚಾಕುವನ್ನಂತೂ ಮಂಗಳಾರತಿ ಮುಗಿದ ತಕ್ಷಣ ತೊಳೆದು ಒರೆಸಿ.